ಕಾಡು ನಿಮ್ಮ ಹೆಸರಿನಲ್ಲೇ ಇರಬೇಕೆ, ಟ್ರಸ್ಟಿಗೆ ಹೋಗಬೇಕೆ?

ಸ್ವಂತ ಕಾಡು ಮುಂದೆಂದೂ ನಿವೇಶನಗಳಾಗಿ ಚೂರಾಗಬಾರದು ಎನ್ನುವ ಅಮೆರಿಕದ ಮಾಲೀಕರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ: ಕನ್ಸರ್ವೇಷನ್ ಈಸ್‌ಮೆಂಟ್ (ಜಮೀನಿನ ಬಳಕೆಗೆ ಮಿತಿ ಹಾಕಿಕೊಂಡು, ಭೂಮಿ ಕಾಪಾಡುವ ‘ಲ್ಯಾಂಡ್ ಟ್ರಸ್ಟ್’ನಂಥ ಸಂಸ್ಥೆಗೆ ಬರೆದುಕೊಡುವ ಕರಾರು ಪತ್ರ) ಅಥವಾ ಜಮೀನನ್ನೇ ಲ್ಯಾಂಡ್ ಟ್ರಸ್ಟಿಗೆ ದಾನ ಮಾಡುವುದು.

ಈಸ್‌ಮೆಂಟ್‌ನಲ್ಲಿ ಒಡೆತನ ನಿಮ್ಮದೇ. ಮಾರಬಹುದು, ಮಕ್ಕಳಿಗೆ ಕೊಡಬಹುದು, ಯೋಜನೆಯ ಪ್ರಕಾರ ಮರ ಕಡಿಯಬಹುದು. ಬಿಟ್ಟುಕೊಡುವುದು ಮುಖ್ಯವಾಗಿ ಜಮೀನನ್ನು ತುಂಡರಿಸುವ, ಕಟ್ಟಡ ಎಬ್ಬಿಸುವ ಹಕ್ಕು. ತೆರಿಗೆ ರಿಯಾಯಿತಿ ಬೇಕಿದ್ದರೆ ಈ ನಿರ್ಬಂಧ ಶಾಶ್ವತವಾಗಿರಲೇಬೇಕು. ಆದ್ದರಿಂದ ಪತ್ರದ ಒಂದೊಂದು ಸಾಲನ್ನೂ ಜಗ್ಗಿ ನೋಡಿ. ‘ಸುಸ್ಥಿರವಾಗಿ ಕಡಿಯಬಹುದು’ ಎಂದಷ್ಟೇ ಇದ್ದರೆ ಮೊಮ್ಮಕ್ಕಳ ಕಾಲಕ್ಕೆ ಜಗಳ ಖಚಿತ. ತೊರೆಯ ದಡದಿಂದ ಎಷ್ಟು ಅಡಿಯೊಳಗೆ ಯಂತ್ರ ಇಳಿಯಬಾರದು, ಆ್ಯಶ್ ಮರಗಳಿಗೆ ಕೊರಕ ಹುಳು ಬಿದ್ದರೆ ಯಾರ ಒಪ್ಪಿಗೆ ಬೇಕು ಎಂಬುದೆಲ್ಲ ಬರಹದಲ್ಲಿರಲಿ. ಟ್ರಸ್ಟಿನವರು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬಂದು ಪರಿಶೀಲಿಸುತ್ತಾರೆ. ಅದಕ್ಕೆ ಮನಸ್ಸು ಸಿದ್ಧವಿರಬೇಕು.

ಪೂರ್ತಿ ದಾನ ಮಾಡಿದರೆ ಉಸ್ತುವಾರಿಯ ಹೊರೆ ಇಳಿಯುತ್ತದೆ. ಜೀವಿತಾವಧಿಯವರೆಗೆ ಅಲ್ಲೇ ಇರುವ ಹಕ್ಕನ್ನು ಉಳಿಸಿಕೊಳ್ಳಲೂ ಸಾಧ್ಯ. ಆದರೆ ಟ್ರಸ್ಟು ಆ ಜಮೀನನ್ನು ಮುಂದೆ ಮಾರಬಹುದೇ ಎಂದು ಮೊದಲೇ ಕೇಳಿ.

ಫೆಡರಲ್ ಆದಾಯ ತೆರಿಗೆಯಲ್ಲಿ ಈಸ್‌ಮೆಂಟ್ ದಾನಕ್ಕೆ ವಾರ್ಷಿಕ ಆದಾಯದ ಶೇ 50ರವರೆಗೆ ಕಡಿತವಿದ್ದು, ಉಳಿದದ್ದನ್ನು 15 ವರ್ಷ ಮುಂದಕ್ಕೆ ಒಯ್ಯಬಹುದು. ಬೆಲೆ ಏರಿದ ಜಮೀನಿನ ಪೂರ್ತಿ ದಾನಕ್ಕೆ ಇದು ಸಾಮಾನ್ಯವಾಗಿ ಶೇ 30 ಮತ್ತು 5 ವರ್ಷ.

ಕಾಡಿನಲ್ಲಿ ದುಡಿಯುವ ವಾರಸುದಾರರಿದ್ದರೆ ನಾನು ಈಸ್‌ಮೆಂಟ್ ಕಡೆಗೇ ವಾಲುತ್ತೇನೆ. ಇಲ್ಲವಾದರೆ ದಾನವೇ ಸರಿ, ಆದರೆ ಟ್ರಸ್ಟು ಮುಂದೆ ಮಾರಿದರೂ ನಿರ್ಬಂಧ ಉಳಿಯುವಂತೆ ಮೊದಲು ಇನ್ನೊಂದು ಸಂಸ್ಥೆಯ ಹೆಸರಿಗೆ ಈಸ್‌ಮೆಂಟ್ ಬರೆದಿಟ್ಟು.