ತಾಲ್ಲೂಕು ಕಾನೂನು ಸೇವಾ ಸಮಿತಿ: ಓಣಿ ಜಗಳದ ಕೇಸು ಮುಗಿಸಿಕೊಂಡವಳ ಅನುಭವ

ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ, ಉಚಿತವಾಗಿ ವಕೀಲರನ್ನು ಕೊಡುವ ಕಾನೂನು ಸೇವಾ ಸಮಿತಿಯದೊಂದು ಚಿಕ್ಕ ಕೋಣೆ ಇರುತ್ತದೆ. ಕೇಸು ಬಿದ್ದವರಲ್ಲಿ ಎಷ್ಟೋ ಜನ ಅದರ ಮುಂದೆಯೇ ಹಾದುಹೋಗಿ, ಸಾಲ ಮಾಡಿ ವಕೀಲರನ್ನು ಹಿಡಿಯುತ್ತಾರೆ. ಆ ಕೋಣೆಯ ಬಾಗಿಲು ತಟ್ಟಿ ನನಗೆ ಸಿಕ್ಕಿದ್ದೇನು, ಸಿಗದೆ ಹೋದದ್ದೇನು ಎಂಬುದನ್ನು ಬರೆಯುತ್ತಿದ್ದೇನೆ.

ಬೀದಿ ನಲ್ಲಿಯ ನೀರಿಗಾಗಿ ನಡೆದ ಜಗಳ ಠಾಣೆಗೆ ಹೋಗಿ, ನನ್ನ ಮೇಲೂ ನಮ್ಮ ಅತ್ತೆಯ ಮೇಲೂ ಐಪಿಸಿ 341, 323, 504, 506, ಜೊತೆಗೆ 34ನೇ ಕಲಂ ಹಾಕಿ ಎಫ್‌ಐಆರ್ ಆಯಿತು. ಅಡ್ಡಗಟ್ಟಿದ್ದು, ಕೈಮಾಡಿದ್ದು, ಬೈದದ್ದು, ಬೆದರಿಸಿದ್ದು; ಓಣಿ ಜಗಳಕ್ಕೆ ನಮ್ಮ ಕಡೆ ಆಗ ಬೀಳುತ್ತಿದ್ದ ಕಲಂಗಳ ಸಾಲೇ ಇದು. ದೋಷಾರೋಪ ಪಟ್ಟಿ ಸಲ್ಲಿಕೆಯಾಗಿ ಸಮನ್ಸ್ ಬಂದದ್ದು ನಾನು ನರ್ಸ್ ಕೆಲಸಕ್ಕಾಗಿ ಪಾಸ್‌ಪೋರ್ಟ್ ಮಾಡಿಸಲು ಹೊರಟಿದ್ದ ಹೊತ್ತಿನಲ್ಲಿ. ಕ್ರಿಮಿನಲ್ ಕೇಸು ಬಾಕಿಯಿದ್ದರೆ ಪಾಸ್‌ಪೋರ್ಟ್ ನಿರಾಕರಿಸಲು ಕಾನೂನಿನಲ್ಲಿ ಅವಕಾಶವಿದೆ. ನ್ಯಾಯಾಲಯದ ಅನುಮತಿ ತಂದರೆ ಮಾತ್ರ, ಅದೂ ಸಾಮಾನ್ಯವಾಗಿ ಸೀಮಿತ ಅವಧಿಗೆ ಕೊಡುತ್ತಾರೆ.

ಆವರಣದಲ್ಲಿ ಟೈಪಿಂಗ್ ಮೇಜಿಟ್ಟುಕೊಂಡಿದ್ದ ಮಧ್ಯವರ್ತಿಯೊಬ್ಬರು, "ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡಿ, ಒಂದೇ ದಿನದಲ್ಲಿ ಮುಗಿಯುತ್ತದೆ" ಎಂದರು. ಕೇಳಲು ಹಿತವಾಗಿತ್ತು. ಸಮಿತಿ ನನಗೆ ನೇಮಿಸಿಕೊಟ್ಟ ಪ್ಯಾನಲ್ ವಕೀಲರು ಕಡತ ತಿರುವಿಹಾಕಿ ಹೇಳಿದ ಮೊದಲ ಮಾತೇ ಬೇರೆ: "ನೋಡಮ್ಮ, ದಂಡ ಐನೂರು ರೂಪಾಯಿಯೇ ಇರಲಿ, ಅದು ಶಿಕ್ಷೆ. ಮುಂದೆ ಯಾವ ಅರ್ಜಿಯಲ್ಲಿ ಶಿಕ್ಷೆಯಾಗಿದೆಯೇ ಎಂದು ಕೇಳಿದರೂ ಹೌದು ಎನ್ನಬೇಕಾಗುತ್ತದೆ. ಈ ಕಲಂಗಳೆಲ್ಲ ರಾಜಿಗೆ ಬರುತ್ತವೆ. ರಾಜಿಯಾದರೆ ಖುಲಾಸೆಯಾದಂತೆ." ಆಗಿನ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 320ನೇ ಕಲಂ ಪ್ರಕಾರ ಅದು ನಿಜ, ಅದರ ಜಾಗಕ್ಕೆ ಬಂದಿರುವ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ ಅದೇ ವಿಷಯ 359ನೇ ಕಲಂನಲ್ಲಿದೆ. ಆ ಒಂದು ಮಾತಿಗೇ ನಾನು ಈ ಸೇವೆಗೆ ಋಣಿ.

ಶುಲ್ಕ ಒಂದು ಪೈಸೆಯೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಮೊದಲಾದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಆದಾಯದ ಮಿತಿ ಉಳಿದವರಿಗೆ ಮಾತ್ರ. ಅತ್ತೆ ಮತ್ತು ನಾನು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಆಧಾರ್ ಮತ್ತು ಸಮನ್ಸ್ ಪ್ರತಿ ಲಗತ್ತಿಸಿ ಕೊಟ್ಟೆವು.

ರಾಜಿಯಿಂದ ಕೇಸು ಮುಗಿಸುವ ಲೋಕ ಅದಾಲತ್ ದಿನ, ನಮ್ಮ ಮೇಲೆ ದೂರು ಕೊಟ್ಟಿದ್ದ ಪಕ್ಕದ ಮನೆಯ ಅಕ್ಕನೂ ಬಂದಿದ್ದರು. ನ್ಯಾಯಾಧೀಶರು ರಾಜಿ ಅರ್ಜಿಯಿಂದ ತಲೆಯೆತ್ತಿ, "ಯಾರಾದರೂ ಒತ್ತಾಯ ಮಾಡಿದರೇನಮ್ಮ?" ಎಂದು ಆಕೆಯನ್ನೇ ನೇರವಾಗಿ ಕೇಳಿದರು. ಆಕೆ ಸೆರಗು ಸರಿಪಡಿಸಿಕೊಂಡು, "ಇಲ್ಲ ಸ್ವಾಮಿ, ಬೆಳಗಾದರೆ ಒಬ್ಬರ ಮುಖ ಒಬ್ಬರು ನೋಡುವವರು" ಎಂದರು. ನ್ಯಾಯಾಧೀಶರು ಅದನ್ನು ಬರೆಸಿಕೊಂಡ ಮೇಲೆಯೇ ಸಹಿಗೆ ಕಾಗದ ಮುಂದಿಟ್ಟರು. ಹೀಗೆ ಕೇಳುವುದು ಬಹಳ ಮುಖ್ಯ ಎಂದು ನನಗೆ ಅನ್ನಿಸಿತು. ಊರಿನ ಪಂಚಾಯಿತಿಕಟ್ಟೆಯ ರಾಜಿಯಲ್ಲಿ ಸೋತವರ ಬಾಯಿ ಕಟ್ಟಿರುತ್ತದೆ.

ಇನ್ನು ಕೊರತೆಗಳು. ವಕೀಲರ ಕೈಯಲ್ಲಿ ವಿಪರೀತ ಕಡತಗಳು. ವಾಯಿದೆಯ ದಿನ ಅವರನ್ನು ಹುಡುಕಿ ಹಿಡಿಯುವುದೇ ಒಂದು ಕೆಲಸ. ಕೋಣೆ ಸಾಕ್ಷಿಗಳ ಬೆಂಚಿನಾಚೆ ಮೂಲೆಯಲ್ಲಿದ್ದು, ಮಹಿಳೆಯರಿಗೆ ಆದಾಯದ ಷರತ್ತಿಲ್ಲ ಎಂದು ಹೇಳುವ ಫಲಕ ಎಲ್ಲೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಕೇಸು ಮುಗಿದ ಮೇಲೆ ಏನು ಮಾಡಬೇಕೆಂದು ಯಾರೂ ತಾವಾಗಿ ಹೇಳುವುದಿಲ್ಲ. ಖುಲಾಸೆಯಾದ ಮೇಲೂ ಠಾಣೆಯ ದಾಖಲೆಯಲ್ಲಿ ನನ್ನ ಕೇಸು ಬಾಕಿ ಎಂದೇ ಉಳಿದಿತ್ತು. ಆದೇಶದ ದೃಢೀಕೃತ ನಕಲಿಗೆ ನಕಲು ಶಾಖೆಯಲ್ಲಿ ಅರ್ಜಿ ಹಾಕಿ, ಅದನ್ನು ಠಾಣೆಗೆ ಕೊಟ್ಟು, ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಬಳಿಕವೇ ಪಾಸ್‌ಪೋರ್ಟ್‌ನ ಪೊಲೀಸ್ ಪರಿಶೀಲನೆ ಮುಂದಕ್ಕೆ ಹೋಯಿತು. ಮೊಹರಿಲ್ಲದೆ ಠಾಣೆಯಿಂದ ಹೊರಗೆ ಬರಬೇಡಿ.

ಹೆಸರು ಪೂರ್ತಿ ಅಳಿಸಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ ಹುಡುಕಿದರೆ ನನ್ನ ಕೇಸು ಇಂದಿಗೂ ಸಿಗುತ್ತದೆ, ವಿಲೇವಾರಿಯಾಗಿದೆ ಎಂಬ ನಮೂದಿನೊಂದಿಗೆ. ಇದು ನನಗೆ ನೋವಿನ ಸಂಗತಿಯೇ. ಖುಲಾಸೆಯಾದ ಸಣ್ಣ ಕೇಸು ಹೀಗೆ ಜೀವನಪೂರ್ತಿ ಬೆನ್ನಿಗಂಟಿರುವುದು ನ್ಯಾಯವಲ್ಲ. ಹಾಗೆಂದು ಮುಚ್ಚಿಡುವುದೂ ಸಲ್ಲ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್, ಉದ್ಯೋಗಕ್ಕೆ ಕೊಡುವ ಮಾಹಿತಿ ಸತ್ಯವಾಗಿರಬೇಕು ಎಂದಿದೆ. ನಾನು ಪಾಸ್‌ಪೋರ್ಟ್ ಅರ್ಜಿಯಲ್ಲೂ ಕೇಸಿನ ಸಂಖ್ಯೆ, ರಾಜಿಯಾದ ದಿನಾಂಕ, ಖುಲಾಸೆ ಎಂದು ಬರೆದು, ನಕಲನ್ನೂ ಲಗತ್ತಿಸಿದೆ. ಪಾಸ್‌ಪೋರ್ಟ್ ಬಂತು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ನಿಮ್ಮ ತಾಲ್ಲೂಕಿನ ಸಮಿತಿ ಎಲ್ಲಿದೆ ಎಂದು ತಿಳಿಯದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಹೋಗುವಾಗ ಸಮನ್ಸ್‌ನ ಎರಡು ಪ್ರತಿ ಇಟ್ಟುಕೊಳ್ಳಿ, ಒಂದನ್ನು ಅವರೇ ಇಟ್ಟುಕೊಳ್ಳುತ್ತಾರೆ.