ಹಳೆ ವಿಎಚ್‌ಎಸ್ ಕ್ಯಾಸೆಟ್, ಹೊಸ ಟಿವಿ: ಯಾವ ದಾರಿ ವಾಸಿ?

ದುಬೈ, ಮಸ್ಕತ್‌ನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ವಿಡಿಯೋ ಕ್ಯಾಸೆಟ್ ಓಡಿಸುವ ವಿಸಿಆರ್ ಬರುತ್ತಿದ್ದ ಕಾಲ ಒಂದಿತ್ತು. ನಮ್ಮ ಮನೆಗೂ ಮಾವ ತಂದದ್ದೇ. ಹಾಗಾಗಿ ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಈಗಲೂ ಕ್ಯಾಸೆಟ್ ಉಂಟು. ಮದುವೆ, ಉಪನಯನ, ಮನೆ ಒಕ್ಕಲು, ಗದ್ದೆಯಲ್ಲಿ ಆಡಿಸಿದ ಹರಕೆ ಆಟ, ಅಂದರೆ ಯಕ್ಷಗಾನ. ಅದನ್ನು ಗೋಡೆಗೆ ಹಾಕಿದ ಹೊಸ ಟಿವಿಯಲ್ಲಿ ನೋಡುವುದು ಹೇಗೆ?

ನಾನು ನಾಲ್ಕು ದಾರಿ ನೋಡಿದೆ. ವಿಸಿಆರನ್ನು ನೇರ ಟಿವಿಗೆ ಸಿಕ್ಕಿಸುವುದು, ಅಂಗಡಿಗೆ ಕೊಟ್ಟು ಡಿವಿಡಿ ಮಾಡಿಸುವುದು, ಕಂಪ್ಯೂಟರಿಗೆ ಕ್ಯಾಪ್ಚರ್ ಸ್ಟಿಕ್ ಹಾಕುವುದು, ಕಂಪ್ಯೂಟರೇ ಬೇಡದ ರೆಕಾರ್ಡರ್ ಪೆಟ್ಟಿಗೆ ತರುವುದು. ಎಲ್ಲದಕ್ಕೂ ಅವೇ ಎರಡು ಕ್ಯಾಸೆಟ್ ಬಳಸಿದೆ: ಅಕ್ಕನ ಮದುವೆ ಮತ್ತು ನಮ್ಮ ಮನೆಯ ಆಟ. ಬೇರೆ ಬೇರೆ ಕ್ಯಾಸೆಟ್ ಹಾಕಿ ಹೋಲಿಸಿದರೆ ಅರ್ಥ ಇಲ್ಲ ಅಲ್ವಾ.

ಅದಕ್ಕೂ ಮೊದಲು ಬೂಷ್ಟಿನ ವಿಷಯ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಟೇಪಿಗೆ ಬಾರದೆ ಇರುತ್ತದಾ? ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯನ್ನು ಬೆಳಕಿಗೆ ಹಿಡಿದು, ಓರೆ ಮಾಡಿ ನೋಡಿ. ಸುತ್ತಿದ ಟೇಪಿನ ಅಂಚು ಕಪ್ಪಗೆ, ನಯವಾಗಿ ಹೊಳೆಯಬೇಕು. ಅಲ್ಲಿ ಬಿಳಿ ಪುಡಿಯ ಹಾಗೆ, ಸಣ್ಣ ಉಂಗುರದ ಹಾಗೆ ಏನಾದರೂ ಕಂಡರೆ ಅದನ್ನು ಮೆಷಿನ್ನಿಗೆ ಹಾಕಲೇಬೇಡಿ. ವಿಸಿಆರ್ ಒಳಗೆ ಟೇಪನ್ನು ಓದುವ ಹೆಡ್ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಬೂಷ್ಟು ಅಲ್ಲಿಗೆ ಅಂಟಿದರೆ ಚಿತ್ರ ಹಾಳು. ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಅದೇ ಬೂಷ್ಟು. ಹೆಡ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಕಿವಿಗೆ ಹಾಕುವ ಹತ್ತಿ ಕಡ್ಡಿ ಬೇಡ, ಅದರ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ.

ಮೆಷಿನ್ನನ್ನು ಯಾಕೆ ಇಷ್ಟು ಜೋಪಾನ ಮಾಡಬೇಕು ಅಂದರೆ, ಹೊಸದು ಸಿಗುವುದಿಲ್ಲ. ಜೆವಿಸಿ 1976ರಲ್ಲಿ ಹೊರತಂದ ವಿಎಚ್‌ಎಸ್‌ಗೆ ಕೊನೆಯವರೆಗೆ ವಿಸಿಆರ್ ಮಾಡುತ್ತಿದ್ದದ್ದು ಜಪಾನಿನ ಫುನೈ. ಅವರೂ 2016ರ ಜುಲೈಯಲ್ಲಿ ನಿಲ್ಲಿಸಿದರು.

ಇನ್ನು ಒಂದೊಂದೇ ದಾರಿ.

ನೇರ ಟಿವಿಗೆ ಸಿಕ್ಕಿಸುವುದು ಸುಲಭ ಅಂತ ಕಾಣುತ್ತದೆ. ಆದರೆ ಹೊಸ ಟಿವಿಗಳ ಹಿಂದೆ ಹಳದಿ, ಕೆಂಪು, ಬಿಳಿ ಮೂರು ತೂತು ಇರುವುದು ಅಪರೂಪ. ಹೆಚ್ಚಿನದರಲ್ಲಿ ಇಯರ್‌ಫೋನಿನದರ ಹಾಗಿರುವ ಒಂದೇ ತೂತು, ಅದಕ್ಕೆ ಬೇರೆ ವೈರು. ಎಲ್ಲ ಕಂಪನಿಯ ವೈರು ಒಂದೇ ತರ ಇರುವುದಿಲ್ಲ. ತಪ್ಪು ವೈರು ಹಾಕಿದರೆ ಚಿತ್ರದ ಬದಲು ಗುಂಯ್ ಶಬ್ದ. ಆ ತೂತೂ ಇಲ್ಲದ ಟಿವಿಯಾದರೆ ಎವಿಯಿಂದ (ಅದೇ ಮೂರು ಬಣ್ಣದ ವೈರಿನಿಂದ) ಎಚ್‌ಡಿಎಂಐ ಮಾಡುವ ಸಣ್ಣ ಡಬ್ಬಿ ಬೇಕು. ಡಬ್ಬಿಯ ಮೇಲೆ 1080 ಅಂತ ದೊಡ್ಡದಾಗಿ ಬರೆದಿರುತ್ತಾರೆ. ಮರುಳಾಗಬೇಡಿ ಮಾರಾಯ್ರೇ. ವಿಎಚ್‌ಎಸ್‌ನಲ್ಲಿ ಇರುವುದೇ ಸುಮಾರು 240 ಗೆರೆಯ ವಿವರ. ಡಬ್ಬಿ ಅದನ್ನು ಹಿಗ್ಗಿಸುತ್ತದೆ, ಹೊಸದಾಗಿ ಏನೂ ತುಂಬುವುದಿಲ್ಲ.

ಅಕ್ಕನ ಮದುವೆ ಹಾಕಿದಾಗ ಧಾರೆ ಮಂಟಪದಲ್ಲಿ ಎಲ್ಲರೂ ಅಡ್ಡಕ್ಕೆ ದಪ್ಪ. ಅಮ್ಮ "ಇದು ಯಾರ ಮದುವೆಯಾ?" ಅಂತ ಕೇಳಿದರು. ಹಳೆ ಚಿತ್ರದ ಆಕಾರ 4:3, ಹೊಸ ಟಿವಿಯದು 16:9. ಟಿವಿಯ ಪಿಕ್ಚರ್ ಮೆನುವಿನಲ್ಲಿ 4:3 ಮಾಡಿದರೆ ಎರಡೂ ಬದಿಗೆ ಕಪ್ಪು ಪಟ್ಟಿ ಬಂದು ಜನ ಸರಿಯಾಗುತ್ತಾರೆ. ಪಟ್ಟಿ ಇರಲಿ, ಭಾವನ ಮುಖ ಉದ್ದಕ್ಕೇ ಚೆಂದ. ಈ ದಾರಿಯ ನಿಜವಾದ ಉಪಯೋಗ, ಯಾವ ಕ್ಯಾಸೆಟ್ಟಿನಲ್ಲಿ ಏನುಂಟು ಅಂತ ವಿಂಗಡಿಸಲು. ಲೇಬಲ್ಲನ್ನು ನಂಬುವ ಹಾಗಿಲ್ಲ. ಗೃಹಪ್ರವೇಶ ಅಂತ ಬರೆದ ನಮ್ಮ ಒಂದು ಕ್ಯಾಸೆಟ್ಟಿನಲ್ಲಿ ಇದ್ದದ್ದು ಬರೀ ಕ್ರಿಕೆಟ್.

ಅಂಗಡಿಯಲ್ಲಿ ಡಿವಿಡಿ ಮಾಡಿಸುವುದು ಹೆಚ್ಚಿನವರ ದಾರಿ. ಕೊಟ್ಟರೆ ಆಯಿತು, ತಲೆಬಿಸಿ ಇಲ್ಲ. ಮದುವೆಯ ಕ್ಯಾಸೆಟ್ ಪರವಾಗಿಲ್ಲ ಅನ್ನುವ ಹಾಗೆ ಬಂತು. ಆಟದ ಕ್ಯಾಸೆಟ್ ಮಾತ್ರ ಕೆಟ್ಟದಾಗಿ ಬಂತು. ಯಾಕೆ ಅಂತ ಹೇಳಬೇಕು, ಏಕೆಂದರೆ ಇದು ಎಲ್ಲ ಅಂಗಡಿಯಲ್ಲೂ ಆಗುವಂಥದ್ದು. ಸಾಮಾನ್ಯ ಡಿವಿಡಿಯಲ್ಲಿ ಜಾಗ 4.7 ಜಿಬಿ. ಎರಡು ಗಂಟೆಯ ಮದುವೆ ಅದರಲ್ಲಿ ಹಿತವಾಗಿ ಹಿಡಿಸುತ್ತದೆ. ಇ-180 ಕ್ಯಾಸೆಟ್ಟಿನ ಮೂರು ಗಂಟೆಯನ್ನು ಅದೇ ಒಂದು ಡಿಸ್ಕಿಗೆ ತುರುಕಿದರೆ ಪ್ರತಿ ಸೆಕೆಂಡಿಗೆ ಸಿಗುವ ಡೇಟಾ ಮೂರರಲ್ಲಿ ಒಂದು ಭಾಗ ಕಡಿಮೆ. ಅಲುಗಾಡದೆ ಕೂತ ಪುರೋಹಿತರಿಗೆ ಅದು ಸಾಕು. ಮಹಿಷಾಸುರನಿಗೆ ಸಾಕಾಗುವುದಿಲ್ಲ.

ನಮ್ಮ ಆಟದಲ್ಲಿ ಮಹಿಷ ಬರುವುದು ರಂಗಸ್ಥಳದ ಹಿಂದಿನಿಂದ ಅಲ್ಲ, ಜನರ ನಡುವಿನಿಂದ. ಎರಡೂ ಬದಿಯಲ್ಲಿ ದೊಂದಿ. ರಾಳದ ಪುಡಿ ಎಸೆದಾಗ ಭಗ್ ಅಂತ ಬೆಂಕಿ ಏಳುತ್ತದೆ, ಮರುಕ್ಷಣ ಕತ್ತಲೆ. ವಿಎಚ್‌ಎಸ್‌ನಲ್ಲಿ ಆ ಕತ್ತಲೆ ಮರಳು ಮರಳಾಗಿ ಕಾಣುತ್ತದೆ, ಆದರೂ ಕೋಡು ಕಾಣುತ್ತದೆ, ಮುಖದ ಬಣ್ಣ ಕಾಣುತ್ತದೆ. ಅಂಗಡಿಯ ಡಿವಿಡಿಯಲ್ಲಿ ಬೆಂಕಿ ಎದ್ದ ಕೂಡಲೇ ಇಡೀ ಪರದೆ ಚೌಕ ಚೌಕ. ವೇಷ ಎಲ್ಲಿ, ಹೊಗೆ ಎಲ್ಲಿ ಅಂತ ಗೊತ್ತಾಗುವುದಿಲ್ಲ. ದೇವಿಯ ಕಡೆಯವರು ಗಿರ್ರನೆ ತಿರುಗಿ ದಿಗಿಣ ಹಾರುವಾಗಲೂ ಅದೇ ಕಥೆ. ಹಾಗಾಗಿ ಅಂಗಡಿಗೆ ಕೊಡುವುದಾದರೆ ಡಿವಿಡಿ ಬೇಡ, ಫೈಲ್ ಕೊಡಿ ಅನ್ನಿ. ಇಲ್ಲವಾದರೆ ಒಂದು ಕ್ಯಾಸೆಟ್ಟಿಗೆ ಎರಡು ಡಿಸ್ಕ್ ಮಾಡಿಸಿ. ಆರಂಭದಲ್ಲಿ ಅವರ ಸ್ಟುಡಿಯೋದ ಹೆಸರು ತಿರುಗುವುದೂ ಬೇಡ ಅಂತ ಮೊದಲೇ ಹೇಳಿ. ಬೂಷ್ಟು ಹಿಡಿದ ಕ್ಯಾಸೆಟ್ ಇದ್ದರೆ ಮಾತ್ರ ಅಂಗಡಿಯೇ ಸರಿ. ಅನುಭವಸ್ಥರು ಅದಕ್ಕೆಂದೇ ಒಂದು ಹಳೆ ಮೆಷಿನ್ ಬೇರೆ ಇಟ್ಟಿರುತ್ತಾರೆ.

ಕ್ಯಾಪ್ಚರ್ ಸ್ಟಿಕ್ ನನ್ನ ಮೆಚ್ಚಿನದು. ಒಂದು ಕಡೆ ಹಳದಿ, ಕೆಂಪು, ಬಿಳಿ, ಇನ್ನೊಂದು ಕಡೆ ಯುಎಸ್‌ಬಿ. ಕಂಪ್ಯೂಟರಿನಲ್ಲಿ ಒಬಿಎಸ್ ಅನ್ನುವ ಉಚಿತ ತಂತ್ರಾಂಶ ಸಾಕು. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಸೆಟ್ಟಿಂಗಿನಲ್ಲಿ ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್ ಅಂತ ಇರಬೇಕು, 720×576, ಸೆಕೆಂಡಿಗೆ 25 ಫ್ರೇಮ್. ಅಮೆರಿಕದ ನೆಂಟರು ಕಳಿಸಿದ ಕ್ಯಾಸೆಟ್ ಆದರೆ ಅದು ಅಲ್ಲಿನ ಪದ್ಧತಿ, ಎನ್‌ಟಿಎಸ್‌ಸಿ. ಅದನ್ನು ಓದಲು ಮಲ್ಟಿ ಸಿಸ್ಟಮ್ ವಿಸಿಆರ್ ಬೇಕು. ಚಲಿಸುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ತರ ಗೆರೆ ಕಂಡರೆ ಒಬಿಎಸ್‌ನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ.

ಮಳೆಗಾಲದಲ್ಲಿ ಕೂತು ಮಾಡುವವರಿಗೆ ಒಂದು ಮುಖ್ಯ ಮಾತು. ರೆಕಾರ್ಡಿಂಗನ್ನು ಎಂಕೆವಿ ಮಾದರಿಯ ಫೈಲಿನಲ್ಲಿ ಇಡಿ, ಸಾಮಾನ್ಯ ಎಂಪಿ4ರಲ್ಲಿ ಅಲ್ಲ. ಮಧ್ಯದಲ್ಲಿ ಕರೆಂಟು ಹೋದರೆ ಸಾಮಾನ್ಯ ಎಂಪಿ4 ಫೈಲ್ ತೆರೆಯುವುದೇ ಇಲ್ಲ. ಎಂಕೆವಿ ಆದರೆ ಅಲ್ಲಿಯವರೆಗಿನದ್ದು ಉಳಿಯುತ್ತದೆ. ಮುಗಿದ ಮೇಲೆ ಒಬಿಎಸ್‌ನಲ್ಲೇ ಅದನ್ನು ಎಂಪಿ4 ಮಾಡಬಹುದು, ಹೆಚ್ಚು ಹೊತ್ತು ಬೇಡ, ಗುಣಮಟ್ಟವೂ ಇಳಿಯುವುದಿಲ್ಲ.

ಸ್ಟಿಕ್ಕಿನಲ್ಲೂ ತಕರಾರು ಇಲ್ಲ ಅಂತಲ್ಲ. ತೀರಾ ಅಗ್ಗದ ಸ್ಟಿಕ್ಕಿನಲ್ಲಿ ಚಿತ್ರವೂ ಶಬ್ದವೂ ನಿಧಾನಕ್ಕೆ ಬೇರೆ ಬೇರೆಯಾದವು. ಭಾಷಣವಾದರೆ ಗೊತ್ತಾಗಲಿಕ್ಕಿಲ್ಲ. ಆಟದಲ್ಲಿ ಮೂರನೇ ಗಂಟೆಗೆ ಚೆಂಡೆಯ ಪೆಟ್ಟು ಒಂದು ಕಡೆ, ವೇಷಧಾರಿಯ ಹೆಜ್ಜೆ ಇನ್ನೊಂದು ಕಡೆ. ಸ್ವಲ್ಪ ಜಾಸ್ತಿ ಕೊಟ್ಟು ತಂದ ಇನ್ನೊಂದರಲ್ಲಿ ಈ ತೊಂದರೆ ಬರಲಿಲ್ಲ. ಮಹಿಷನ ಬೆಂಕಿಯೂ ಬೆಂಕಿಯಾಗಿಯೇ ಬಂತು.

ರೆಕಾರ್ಡರ್ ಪೆಟ್ಟಿಗೆ ಅಂದರೆ ಸಣ್ಣ ಪರದೆ ಇರುವ, ಮೆಮೊರಿ ಕಾರ್ಡಿಗೆ ನೇರ ಬರೆಯುವ ಡಬ್ಬಿ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಕಂಪ್ಯೂಟರ್ ಅಂದರೆ ದೂರ ಓಡುವವರಿಗೆ ಒಳ್ಳೆಯದು. ಚಿತ್ರ ಸ್ಟಿಕ್ಕಿಗಿಂತ ಒಂದು ಕೈ ಕಡಿಮೆ, ಅಂಗಡಿಯ ಡಿವಿಡಿಗಿಂತ ಮೇಲೆ. ಕ್ರಯ ಮಾತ್ರ ಜಾಸ್ತಿ. ನಾಲ್ಕೈದು ಕ್ಯಾಸೆಟ್ಟಿಗೋಸ್ಕರ ಅದನ್ನು ತರುವುದು ಸುಮ್ನೆ ದಂಡ.

ಫೈಲ್ ಆದ ಮೇಲೆ ಅದನ್ನು ನೋಡುವುದು ಹೇಗೆ ಅನ್ನುವುದು ಇನ್ನೊಂದು ತಲೆನೋವು. ಡಿವಿಡಿ ಪ್ಲೇಯರ್ ಎಷ್ಟು ಮನೆಯಲ್ಲಿ ಉಳಿದಿದೆ? ಹೊಸ ಲ್ಯಾಪ್‌ಟಾಪಿನಲ್ಲೂ ಡಿಸ್ಕ್ ಹಾಕುವ ಜಾಗ ಇಲ್ಲ. ಪೆನ್ ಡ್ರೈವನ್ನು ಟಿವಿಯ ಯುಎಸ್‌ಬಿಗೆ ಹಾಕುವುದೇ ಅಮ್ಮನಿಗೆ ಒಗ್ಗಿತು, ಒಂದೇ ರಿಮೋಟು. ಆದರೆ ಅಂಗಡಿಯಿಂದ ತಂದ ಪೆನ್ ಡ್ರೈವ್ ಫ್ಯಾಟ್32 ಅನ್ನುವ ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ತೆಗೆದುಕೊಳ್ಳುವುದಿಲ್ಲ. ಜಾಗ ಎಷ್ಟೇ ಖಾಲಿ ಇರಲಿ. ಎಕ್ಸ್‌ಫ್ಯಾಟ್ ಮಾಡಿದರೆ ಕೆಲವು ಟಿವಿ ಓದುತ್ತದೆ, ಕೆಲವು ಓದುವುದಿಲ್ಲ. ನಾನು ಆಟವನ್ನು ಎರಡು ತುಂಡು ಮಾಡಿದೆ, ಜಗಳವೇ ಮುಗಿಯಿತು. ದುಬೈಯಲ್ಲಿರುವ ಅಕ್ಕನಿಗೆ ಯೂಟ್ಯೂಬಿನಲ್ಲಿ ಲಿಂಕ್ ಇದ್ದವರಿಗೆ ಮಾತ್ರ ಕಾಣುವ ಹಾಗೆ ಅನ್‌ಲಿಸ್ಟೆಡ್ ಮಾಡಿ ಲಿಂಕ್ ಕಳಿಸುವುದು ಸುಲಭ. ಮದುವೆಯ ವಿಡಿಯೋದಲ್ಲಿ ಆ ಕಾಲದ ವಿಡಿಯೋದವರು ಉದ್ದಕ್ಕೂ ಸಿನಿಮಾ ಹಾಡು ಹಾಕಿದ್ದರಿಂದ ಹಕ್ಕಿನ ತಕರಾರು ಬಂತು. ಆಟಕ್ಕೆ ಏನೂ ಬರಲಿಲ್ಲ.

ಈಗಿನ ಟಿವಿಯಿಂದ ರೆಕಾರ್ಡ್ ಮಾಡುವುದರ ಬಗ್ಗೆಯೂ ಒಂದು ಮಾತು. ಹಿಂದೆ ಕೇಬಲ್ ವೈರನ್ನು ನೇರ ವಿಸಿಆರಿಗೆ ಹಾಕಿ ಗುಂಡಿ ಒತ್ತಿದರೆ ಆಯಿತು. ನಮ್ಮಂಥ ನಗರಗಳಲ್ಲಿ ಕೇಬಲ್ ಡಿಜಿಟಲ್ ಆಗಲು ಗಡುವು ಇದ್ದದ್ದು 2015ರ ಡಿಸೆಂಬರ್ 31. ಸೆಟ್ ಟಾಪ್ ಬಾಕ್ಸ್ ಬಂದ ಮೇಲೆ ವಿಸಿಆರಿನ ಟ್ಯೂನರಿಗೆ ಕೆಲಸ ಇಲ್ಲದಾಯಿತು. ಪೆನ್ ಡ್ರೈವ್ ಹಾಕಿ ರೆಕಾರ್ಡ್ ಮಾಡುವ ಬಾಕ್ಸ್‌ಗಳು ಉಂಟು. ಆದರೆ ದುಡ್ಡು ಕೊಟ್ಟು ನೋಡುವ ಚಾನೆಲ್ಲಿನ ರೆಕಾರ್ಡಿಂಗಿಗೆ ಬೀಗ ಇರುತ್ತದೆ. ಆ ಬಾಕ್ಸಿನಲ್ಲಿ ಮಾತ್ರ ಓಡುತ್ತದೆ, ಬಾಕ್ಸ್ ಕೆಟ್ಟರೆ ರೆಕಾರ್ಡಿಂಗೂ ಹೋಯಿತು. ಡಿಶ್ ಆದರೆ ಜಡಿಮಳೆಗೆ ಸಿಗ್ನಲ್ಲೂ ಹೋಗುತ್ತದೆ. ಉಡುಪಿ ಕೃಷ್ಣಮಠದ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಬರುವುದರಿಂದ ಮಳೆಯ ಹೆದರಿಕೆ ಇಲ್ಲ ಅನ್ನಿ. ಆದರೂ ಉಡುಪಿಯ ಮೆರವಣಿಗೆ ನೋಡಲು ನಮಗೆ ಸ್ಥಳೀಯ ಚಾನೆಲ್ ಕೊಡುವ ಕೇಬಲ್ಲೇ ಬೇಕು. ಡಿಶ್‌ನಲ್ಲಿ ಅದು ಸಿಗಲಿಲ್ಲ.

ಕ್ಯಾಸೆಟ್ ಎಲ್ಲ ಫೈಲ್ ಆಗುವವರೆಗೆ ವಿಸಿಆರನ್ನು ಗುಜರಿಗೆ ಹಾಕಬೇಡಿ. ಆದ ಮೇಲೂ ನೆಂಟರಿಷ್ಟರು ಕೇಳಿಕೊಂಡು ಬರುತ್ತಾರೆ. ನಮ್ಮದನ್ನು ಈಗ ಬ್ರಹ್ಮಾವರದ ಚಿಕ್ಕಪ್ಪ ಕೊಂಡುಹೋಗಿದ್ದಾರೆ. ಅವರ ಕ್ಯಾಸೆಟ್ಟುಗಳನ್ನು ಅಂಗಳದ ಬಿಸಿಲಿನಲ್ಲಿ ಒಂದೊಂದಾಗಿ ತಿರುಗಿಸಿ, ಬೂಷ್ಟು ಇಲ್ಲ ಅಂತ ನೋಡಿಯೇ ಮೆಷಿನ್ ಕೊಟ್ಟದ್ದು. ಚಿಕ್ಕಪ್ಪನಿಗೆ ಅದು ಸ್ವಲ್ಪ ಬೇಸರ ಆಗಿದೆ.