ಸಾಲ ಕೊಡದ ಮ್ಯಾನೇಜರು ಮತ್ತು ಸಲೀಂ ಮಿರ್ಜಾ

ನಾನು ಸಿನಿಮಾ ವಿಮರ್ಶಕ ಅಲ್ಲ. ಮೂವತ್ತಮೂರು ವರ್ಷ ಬ್ಯಾಂಕಿನಲ್ಲಿದ್ದೆ, ಅದರಲ್ಲಿ ಜಾಸ್ತಿ ಕಾಲ ಸಾಲದ ವಿಭಾಗದಲ್ಲೇ ಕಳೆದೆ. ಹಾಗಾಗಿ 'ಗರಂ ಹವಾ' ಸಿನಿಮಾ ಅಂದ ಕೂಡಲೇ ಉಳಿದವರಿಗೆ ಅದರಲ್ಲಿನ ಅಜ್ಜಿ ನೆನಪಾಗುತ್ತಾಳೆ, ನನಗೆ ಬ್ಯಾಂಕು ನೆನಪಾಗುತ್ತದೆ.

ಸಣ್ಣ ದೃಶ್ಯ ಅದು. ಆಗ್ರಾದಲ್ಲಿ ಚಪ್ಪಲಿ, ಬೂಟಿನ ಕಾರ್ಖಾನೆ ನಡೆಸುವ ಸಲೀಂ ಮಿರ್ಜಾಗೆ ವ್ಯಾಪಾರಕ್ಕೆ ದುಡ್ಡು ಬೇಕಾಗಿದೆ. ಮೊದಲಿನಿಂದ ವ್ಯವಹಾರ ಇಟ್ಟುಕೊಂಡ ಬ್ಯಾಂಕಿಗೇ ಹೋಗುತ್ತಾರೆ. ಅಲ್ಲಿ ಯಾರೂ ಗದರುವುದಿಲ್ಲ, ಅವಮಾನದ ಮಾತೂ ಇಲ್ಲ. ಸಾಲ ತೆಗೆದುಕೊಂಡವರು ತೀರಿಸದೆ ಪಾಕಿಸ್ತಾನಕ್ಕೆ ಹೋಗಿಬಿಟ್ಟಿದ್ದಾರೆ, ಬ್ಯಾಂಕಿಗೂ ಕಷ್ಟ ಅಲ್ವಾ ಎನ್ನುವ ಧಾಟಿ. ಹೋದವರು ಮಾಡಿದ್ದಕ್ಕೆ ಹೋಗದವರಿಗೆ ಯಾಕೆ ಶಿಕ್ಷೆ ಎಂದು ಮಿರ್ಜಾ ಕೇಳುತ್ತಾರೆ. ಅದಕ್ಕೆ ಉತ್ತರ ಇಲ್ಲ. ಸಾಲವೂ ಇಲ್ಲ.

ಈ ಸಿನಿಮಾವನ್ನು ಮೊದಲು ನೋಡಿದ್ದು ಕಾಲೇಜಿನಲ್ಲಿದ್ದಾಗ, ಫಿಲಂ ಸೊಸೈಟಿಯವರು ಗೋಡೆಗೆ ಬಿಳಿ ಪರದೆ ಕಟ್ಟಿ ತೋರಿಸಿದಾಗ. ಆಗ ಈ ದೃಶ್ಯ ಬಂದು ಹೋದದ್ದೇ ಗೊತ್ತಾಗಲಿಲ್ಲ. ಹೋದ ತಿಂಗಳು ಮನೆಯಲ್ಲಿ ಮತ್ತೆ ನೋಡಿದೆ. ಈ ಸಲ ಅಲ್ಲೇ ನಿಲ್ಲಿಸಿ ಒಂದು ಲೋಟ ನೀರು ಕುಡಿದು ಬಂದೆ.

ಗೊತ್ತಿಲ್ಲದವರಿಗೆ ಕಥೆ ಇಷ್ಟು. ದೇಶ ಒಡೆದಿದೆ, ಗಾಂಧೀಜಿಯ ಕೊಲೆಯೂ ಆಗಿದೆ. ಸಲೀಂ ಮಿರ್ಜಾ ರೈಲ್ವೆ ಸ್ಟೇಷನ್ನಿಗೆ ಹೋಗಿ ಬಂಧುಗಳನ್ನು ಒಬ್ಬೊಬ್ಬರಾಗಿ ಪಾಕಿಸ್ತಾನಕ್ಕೆ ಕಳಿಸಿ ಬರುತ್ತಾರೆ. ಮೊದಲು ಅಕ್ಕ. ಆಮೇಲೆ ಅಣ್ಣ ಹಲೀಂ. ಈ ಹಲೀಂ ಮುಸ್ಲಿಂ ಲೀಗಿನ ಮುಖಂಡ, ಈ ಮಣ್ಣು ಬಿಟ್ಟು ಕದಲುವುದಿಲ್ಲ ಎಂದು ಭಾಷಣ ಬಿಗಿದವನು, ಅವನೇ ಗಂಟು ಕಟ್ಟುತ್ತಾನೆ. ಮಿರ್ಜಾ ಮಾತ್ರ ಹೋಗುವುದಿಲ್ಲ. ಇದು ನಮ್ಮೂರು, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ.

ಸರಿಹೋಗುವುದಿಲ್ಲ. ಪೂರ್ವಿಕರ ಹವೇಲಿ ಅಣ್ಣನ ಹೆಸರಿನಲ್ಲಿದೆ. ಅಣ್ಣ ದೇಶ ಬಿಟ್ಟ ಮೇಲೆ ಅದು ವಲಸೆ ಹೋದವರ ಆಸ್ತಿ ಎಂದಾಗಿ ಸರ್ಕಾರದ ಕೈಗೆ ಹೋಗುತ್ತದೆ. ಇಲ್ಲೊಂದು ಮಾತು. ಪಹಣಿ, ಖಾತೆ, ವಾರಸುದಾರಿಕೆ ನೋಡುತ್ತಾ ಕೂದಲು ಬೆಳ್ಳಗಾದವನು ನಾನು. ಒಂದೇ ಒಂದು ಕಾಗದದಲ್ಲಿ ಯಾರ ಹೆಸರಿದೆ ಎಂಬುದರಿಂದ ಮನೆಗೆ ಮನೆಯೇ ಬೀದಿಗೆ ಬರುವುದನ್ನು ಇಷ್ಟು ಕರಾರುವಾಕ್ಕಾಗಿ ತೋರಿಸಿದ ಸಿನಿಮಾ ನಾನು ಬೇರೆ ನೋಡಿಲ್ಲ. ಬಾಡಿಗೆ ಮನೆ ಹುಡುಕಲು ಹೊರಟರೆ ಹೆಸರು ಕೇಳಿದ ಮೇಲೆ ಮನೆ ಸಿಗುವುದಿಲ್ಲ. ಡಿಗ್ರಿ ಮುಗಿಸಿದ ಕಿರಿ ಮಗ ಸಿಕಂದರ್ ಸಂದರ್ಶನಕ್ಕೆ ಹೋದರೆ, ಪಾಕಿಸ್ತಾನದಲ್ಲಿ ಪ್ರಯತ್ನಿಸಬಹುದಲ್ಲ ಎಂಬ ಪುಕ್ಕಟೆ ಸಲಹೆ. ಹಳೇ ಮನೆಯ ನಕ್ಷೆಯನ್ನು ಕರಾಚಿಯ ಅಣ್ಣನಿಗೆ ಕಳಿಸಿದ್ದಕ್ಕೆ ಮಿರ್ಜಾ ಮೇಲೆ ಗೂಢಚಾರಿಕೆಯ ಕೇಸು! ಕೋರ್ಟು ಬಿಡುತ್ತದೆ, ಊರು ಬಿಡುವುದಿಲ್ಲ.

ಕತ್ತಿ ಹಿಡಿದು ಓಡಾಡುವ ಗುಂಪುಗಳು, ಹೆಣ ತುಂಬಿದ ರೈಲು, ಇವೆಲ್ಲ ಇಲ್ಲಿ ಕಾಣುವುದಿಲ್ಲ. ಗಲಭೆಯ ಬಿಸಿ ಕಾರ್ಖಾನೆಗೆ ತಟ್ಟುತ್ತದೆ, ಅಷ್ಟೇ. ಉಳಿದದ್ದೆಲ್ಲ ಮೇಜಿನ ಆಚೆ ಕೂತವರು, ಬಾಗಿಲಲ್ಲಿ ನಿಂತವರು, ನಯವಾಗಿ 'ಆಗಲ್ಲ' ಅನ್ನುವವರು. ಹಿಂದೂ ಮುಸ್ಲಿಂ ಭಾಯಿ ಭಾಯಿ ಎಂದು ಕೈ ಕೈ ಹಿಡಿದು ಹಾಡುವ ಸಿನಿಮಾ ಬೇಕಿದ್ದರೆ ಇದು ಬೇಡ.

ಹಾಗಂತ ಒಳ್ಳೆಯತನ ಇಲ್ಲ ಅಂತಲ್ಲ. ಹವೇಲಿ ಕೊನೆಗೆ ಸೇರುವುದು ಅಜ್ಮಾನಿ ಎಂಬ ಸಿಂಧಿ ವ್ಯಾಪಾರಿಯ ಕೈಗೆ. ಎ.ಕೆ. ಹಾನಗಲ್ ಮಾಡಿದ ಪಾತ್ರ. ಆತನೂ ಆ ಕಡೆ ಮನೆ ಮಠ ಕಳೆದುಕೊಂಡು ಬಂದವನೇ. ಬೇರೆ ಯಾರಾದರೂ ಬರೆದಿದ್ದರೆ ಇವನನ್ನು ಖಳನಾಯಕ ಮಾಡುತ್ತಿದ್ದರು, ಇಲ್ಲವೇ ದೇವರಂಥ ಮನುಷ್ಯ ಮಾಡುತ್ತಿದ್ದರು. ಇವನು ಎರಡೂ ಅಲ್ಲ. ಅವನಿಗೆ ಇರಲು ಮನೆ ಬೇಕು, ಮಿರ್ಜಾ ಎದುರಿಗೆ ಸಿಕ್ಕರೆ ಸಂಕೋಚವೂ ಆಗುತ್ತದೆ. ಮನೆ ಕಳೆದುಕೊಂಡ ಇಬ್ಬರು ಒಂದೇ ಮನೆಯ ಬಗ್ಗೆ ಮರ್ಯಾದೆಯಿಂದ ಮಾತಾಡುತ್ತಾರೆ. ಸೌಹಾರ್ದ ಎಂಬ ಪದವನ್ನು ಭಾಷಣಗಳಲ್ಲಿ ಕೇಳಿ ಕೇಳಿ ಸಾಕಾದವರು ಈ ಇಬ್ಬರನ್ನು ನೋಡಬೇಕು.

ಅಜ್ಜಿಯ, ಅಂದರೆ ಮಿರ್ಜಾ ಅವರ ತಾಯಿಯ, ವಿಷಯ ಬಿಡುವ ಹಾಗಿಲ್ಲ. ಮನೆ ಖಾಲಿ ಮಾಡುವ ದಿನ ಆಕೆ ಸೌದೆ ಕೋಣೆಯಲ್ಲಿ ಅಡಗಿ ಕೂರುತ್ತಾಳೆ, ಮೊಮ್ಮಗ ಎತ್ತಿಕೊಂಡೇ ಬರಬೇಕಾಗುತ್ತದೆ. ಪ್ರಾಣ ಹೋಗುವ ಮೊದಲು ಆ ಹವೇಲಿಗೆ ಒಮ್ಮೆ ಹೋಗಬೇಕು ಎನ್ನುವ ಆಸೆ. ಮದುವಣಗಿತ್ತಿಯಾಗಿ ಬಂದ ಮನೆಗೆ ಮತ್ತೆ ಪಲ್ಲಕ್ಕಿಯಲ್ಲೇ ಕರೆತರುತ್ತಾರೆ. ಈ ಪಾತ್ರ ಮಾಡಿದ ಬದರ್ ಬೇಗಂ ಆಗ್ರಾದಲ್ಲೇ ಸಿಕ್ಕ ಮುದುಕಿ, ಕಣ್ಣಿಗೆ ಪೊರೆ ಬಂದು ಸರಿಯಾಗಿ ಕಾಣುತ್ತಿರಲಿಲ್ಲ. ದನಿ ಮಾತ್ರ ದೀನಾ ಪಾಠಕ್ ಅವರದು. ಗೊತ್ತಿದ್ದು ನೋಡಿದರೂ ಎರಡೂ ಬೇರೆ ಬೇರೆ ಅನಿಸುವುದಿಲ್ಲ.

ಸಲೀಂ ಮಿರ್ಜಾ ಪಾತ್ರ ಮಾಡಿದ ಬಲರಾಜ್ ಸಾಹ್ನಿ ಬಗ್ಗೆ ಏನು ಬರೆಯಲಿ? ಇಡೀ ಸಿನಿಮಾದಲ್ಲಿ ಆ ಮನುಷ್ಯ ದನಿ ಏರಿಸುವುದು ಅಪರೂಪ. ಪೆಟ್ಟಿನ ಮೇಲೆ ಪೆಟ್ಟು ಬೀಳುತ್ತದೆ, ಅವರು ಇನ್ನಷ್ಟು ಮೆತ್ತಗಾಗುತ್ತಾರೆ. ಮಗಳು ಅಮೀನಾಳ ವಿಷಯದಲ್ಲಿ ಮುಂದೆ ಬರುವ ದೃಶ್ಯವೊಂದಿದೆ. ಏನಾಗುತ್ತದೆ ಎಂದು ಹೇಳುವುದಿಲ್ಲ. ಅಲ್ಲಿ ಕಿರುಚಾಟ ಇಲ್ಲ, ಎದೆ ಬಡಿದುಕೊಳ್ಳುವುದಿಲ್ಲ, ಮುಖವೊಂದೇ. ಸಾಹ್ನಿ ತಮ್ಮ ಸ್ವಂತ ಮಗಳನ್ನು ಕಳೆದುಕೊಂಡು ಆಗ ಹೆಚ್ಚು ಕಾಲ ಆಗಿರಲಿಲ್ಲ. 1973ರ ಏಪ್ರಿಲ್‌ನಲ್ಲಿ ಈ ಸಿನಿಮಾದ ಡಬ್ಬಿಂಗ್ ಮುಗಿಸಿದ ಮರುದಿನವೇ ಅವರೂ ತೀರಿಕೊಂಡರು. ಪರದೆಯ ಮೇಲೆ ತಮ್ಮನ್ನು ನೋಡುವ ಯೋಗ ಇರಲಿಲ್ಲ.

ನಿರ್ದೇಶಕ ಎಂ.ಎಸ್. ಸತ್ಯು ಮೈಸೂರಿನವರು ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 'ಕನ್ನೇಶ್ವರ ರಾಮ', 'ಬರ' ಮಾಡಿದ ಅದೇ ಸತ್ಯು. ಉರ್ದು ಲೇಖಕಿ ಇಸ್ಮತ್ ಚುಗ್ತಾಯಿ ಅವರ ಅಚ್ಚಾಗದ ಒಂದು ಕಥೆಯ ಎಳೆ ಹಿಡಿದು ಕವಿ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕಥೆ ಬರೆದರು. ಮೂಲ ಕಥೆಯಲ್ಲಿ ನಾಯಕ ಸ್ಟೇಷನ್ ಮಾಸ್ಟರ್. ಅವನನ್ನು ಬೂಟಿನ ವ್ಯಾಪಾರಿ ಮಾಡಿದ್ದು ಕೈಫಿ. ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಬ್ಯಾಂಕಿನ ದೃಶ್ಯವೇ ಇರುತ್ತಿರಲಿಲ್ಲ. ದುಡ್ಡಿಗೆ ಸಿನಿಮಾ ಮಾಡಿದವರಿಗೂ ಪರದಾಟವೇ. ಸರ್ಕಾರದ ಫಿಲಂ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟ ಎರಡೂವರೆ ಲಕ್ಷ ರೂಪಾಯಿ ಸಾಲದಿಂದ ಶುರು ಮಾಡಿದರು. ಸಿಕಂದರ್ ಪಾತ್ರ ಮಾಡಿದ ಫಾರೂಕ್ ಶೇಖ್‌ಗೆ ಇದು ಮೊದಲ ಸಿನಿಮಾ, ಸಂಬಳ 750 ರೂಪಾಯಿ.

ಸಿನಿಮಾ ತಯಾರಾದ ಮೇಲೆ ಗಲಾಟೆ ಆಗಬಹುದು ಎಂಬ ಭಯದಲ್ಲಿ ಸೆನ್ಸಾರಿನವರು ತಿಂಗಳುಗಟ್ಟಲೆ ಹಿಡಿದಿಟ್ಟರು. ಕೊನೆಗೆ ಬಿಡುಗಡೆಯಾದದ್ದು ಮೊದಲು ನಮ್ಮ ಬೆಂಗಳೂರಿನಲ್ಲೇ, 1974ರಲ್ಲಿ. ಆಗ ಅಲ್ಲಿ ಓದುತ್ತಿದ್ದ ನಮ್ಮ ದೊಡ್ಡಣ್ಣ, ಬೇರೆ ಯಾವುದೋ ಸಿನಿಮಾಕ್ಕೆ ಟಿಕೆಟ್ ಸಿಗದೆ ಇದಕ್ಕೆ ನುಗ್ಗಿದ್ದನಂತೆ. ಗಲಾಟೆ ಏನೂ ಆಗಲಿಲ್ಲ, ಮುಗಿದ ಮೇಲೆ ಜನ ಸುಮ್ನೆ ಎದ್ದು ಹೋದರು ಎನ್ನುತ್ತಾನೆ. ಮುಂದೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಇದಕ್ಕೇ ಬಂತು! ತಡೆಹಿಡಿದವರ ಮುಖ ನೋಡಬೇಕಿತ್ತು.

ಇನ್ನು ಕೊರತೆಗಳು. ದುಡ್ಡಿಲ್ಲದೆ ಶೂಟಿಂಗ್ ಸಮಯದಲ್ಲಿ ಧ್ವನಿ ಹಿಡಿದಿಲ್ಲ, ಎಲ್ಲ ಆಮೇಲೆ ಸೇರಿಸಿದ್ದು. ಕೆಲವು ಕಡೆ ತುಟಿ ಒಂದು ದಾರಿ, ಮಾತು ಇನ್ನೊಂದು ದಾರಿ. ಅಮೀನಾಳ ಪ್ರೇಮದ ಭಾಗ, ಅದರಲ್ಲೂ ಎರಡನೇ ಹುಡುಗನ ಜೊತೆ ತಾಜ್‌ಮಹಲ್, ಫತೇಪುರ್ ಸಿಕ್ರಿ ಸುತ್ತುವುದು, ನನಗೆ ಉದ್ದ ಅನಿಸಿತು. ಕವ್ವಾಲಿ ಚೆನ್ನಾಗಿದೆ, ಅದು ಬೇರೆ ಮಾತು. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಆ ಹುಡುಗಿ ಅಷ್ಟು ನಕ್ಕಿದ್ದಕ್ಕೇ ಮುಂದಿನದು ಅಷ್ಟು ಚುಚ್ಚುವುದು, ನಿಮಗೆ ಲೆಡ್ಜರ್ ಬಿಟ್ಟರೆ ಬೇರೇನೂ ಕಾಣಲ್ಲ ಅಂದಳು. ಇರಬಹುದು.

ಕೊನೆಯ ಮೆರವಣಿಗೆಗೆ ಮಾತ್ರ ನಾನು ರಾಜಿಯಾಗುವುದಿಲ್ಲ. ಸೋತು ಸುಣ್ಣವಾದ ಮಿರ್ಜಾ ಕೊನೆಗೂ ಟಾಂಗಾ ಹತ್ತಿ ಸ್ಟೇಷನ್ನಿಗೆ ಹೊರಟಾಗ, ಕೆಲಸ ಕೇಳುವವರ ಮೆರವಣಿಗೆ ಎದುರಾಗುತ್ತದೆ. ಸಿಕಂದರ್ ಇಳಿದು ಸೇರುತ್ತಾನೆ, ಹಿಂದೆಯೇ ಅಪ್ಪನೂ. ಬರೆದವರ ಎಡಪಂಥೀಯ ರಾಜಕೀಯ ಗೊತ್ತಿದ್ದವರಿಗೆ ಇದು ಆಶ್ಚರ್ಯ ಅಲ್ಲ. ಆದರೆ ಎರಡು ಗಂಟೆ ಇಷ್ಟು ಸೂಕ್ಷ್ಮವಾಗಿ ಬಿಗಿದ ಗಂಟನ್ನು ಎರಡು ಬಾವುಟ ತೋರಿಸಿ ಬಿಚ್ಚಿದ ಹಾಗಾಯಿತು. ಅದಕ್ಕೇ ಐದರಲ್ಲಿ ಅರ್ಧ ಅಂಕ ಕಳೆದಿದ್ದೇನೆ.

ನೀರು ಕುಡಿಯಲು ಯಾಕೆ ಎದ್ದೆ ಎಂದು ಹೇಳಲಿಲ್ಲ. 1993ರ ಜನವರಿ. ನಾನಿದ್ದ ಶಾಖೆಗೆ ಕಬ್ಬಿಣದ ಟ್ರಂಕು ಮಾಡುವ ಸಾಹೇಬರೊಬ್ಬರು ನಲವತ್ತು ಸಾವಿರ ರೂಪಾಯಿ ಸಾಲಕ್ಕೆ ಅರ್ಜಿ ಹಾಕಿದ್ದರು. ಕಾಗದ ಎಲ್ಲ ಸರಿ ಇತ್ತು, ಹಿಂದಿನ ಸಾಲ ಒಂದು ಕಂತೂ ತಪ್ಪಿರಲಿಲ್ಲ. ಡಿಸೆಂಬರಿನಲ್ಲಿ ಬಾಬರಿ ಮಸೀದಿ ಕೆಡವಿದಾಗಿನಿಂದ ಊರಲ್ಲಿ ಒಂಥರಾ ಬಿಗಿ ಇತ್ತು. 'ಇನ್ನೊಬ್ಬರ ಜಾಮೀನು ತಂದುಬಿಡಿ ಸಾಹೇಬರೇ, ನಮ್ಮ ಕಡೆಯವರು ಕೇಳ್ತಾರೆ' ಅಂದೆ. ಯಾರೂ ಕೇಳಿರಲಿಲ್ಲ. ಆ ತಿಂಗಳು ಬೇರೆ ಯಾರಿಗೂ ನಾನು ಹಾಗೆ ಹೇಳಿರಲಿಲ್ಲ. ಅವರು 'ಆಯ್ತು ಸಾರ್' ಎಂದು ನಕ್ಕು, ಚಪ್ಪಲಿ ಮೆಟ್ಟಿಕೊಂಡು ಹೋದರು. ಆ ಅರ್ಜಿ ಮತ್ತೆ ನನ್ನ ಮೇಜಿಗೆ ಬರಲಿಲ್ಲ.

ನೋಡುವುದಿದ್ದರೆ ರಿಪೇರಿ ಮಾಡಿ 2014ರ ನವೆಂಬರಿನಲ್ಲಿ ಮತ್ತೆ ಬಿಡುಗಡೆ ಮಾಡಿದ ಪ್ರತಿಯನ್ನೇ ಹುಡುಕಿ. ಹಳೇ ಪ್ರತಿಗಳಲ್ಲಿ ಬಣ್ಣ ಮಾಸಿ ಹವೇಲಿಯ ಒಳಗಿನ ಕತ್ತಲೆಯಲ್ಲಿ ಏನೂ ಕಾಣುವುದಿಲ್ಲ. ಉರ್ದು ಸ್ವಲ್ಪ ಗಟ್ಟಿ ಇದೆ, ಸಬ್‌ಟೈಟಲ್ ಹಾಕಿಕೊಳ್ಳಿ. ಬ್ಯಾಂಕಿನ ದೃಶ್ಯ ಬಂದಾಗ ಫೋನ್ ನೋಡುತ್ತಾ ಕೂರಬೇಡಿ, ಬೇಗ ಮುಗಿದುಹೋಗುತ್ತದೆ.